ಭಾನುವಾರ ಕೇಳುವುದು

ನಮ್ಮ ಮನೆಯಲ್ಲಿ ಯಾರೂ ಕೂಗಾಡುತ್ತಿರಲಿಲ್ಲ. ಇಷ್ಟು ಹೇಳಿದರೆ ಸಾಕು, ಕೇಳಿದವರು ನನ್ನ ಬಾಲ್ಯ ಸುಖವಾಗಿತ್ತೆಂದು ತೀರ್ಮಾನಿಸಿಬಿಡುತ್ತಾರೆ. ನೆರೆಮನೆಯಲ್ಲಿ ಗಂಡ ಕುಡಿದು ಬಂದು ಪಾತ್ರೆ ಎಸೆದರೆ ಇಡೀ ಕೇರಿಗೆ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಗಂಡ ಹೆಂಡತಿ ಅಂಗಳದಲ್ಲಿ ಎದುರುಬದುರು ಕೂತು ಬಲೆಯಿಂದ ಏಡಿ ಬಿಡಿಸುತ್ತ ನಗುತ್ತಿದ್ದರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಕುಡಿಯುವವನಲ್ಲ, ಎಸೆಯುವವನಲ್ಲ. ತಪ್ಪು ಕಂಡ ದಿನ ಅವನು ಬಾಯಿಯನ್ನೇ ಬಿಡುತ್ತಿರಲಿಲ್ಲ. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಬರೆದು ಮೇಜಿನ ಖಾನೆಯೊಳಗೆ ಇಟ್ಟು ಬೀಗ ಹಾಕುತ್ತಿದ್ದ. ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ನಾವೆಲ್ಲ ಜಗಲಿಯಲ್ಲಿ ನಿಲ್ಲಬೇಕು. ಅಪ್ಪ ಪುಟ ತೆರೆದು ಒಂದೊಂದೇ ಕೇಳುತ್ತಿದ್ದ, ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಯವಾಗಿ. ಸೋಮವಾರದ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ನನ್ನ ಹೆತ್ತವಳು, ನಮ್ಮ ಆಯಿ, ಭಾನುವಾರ ಉತ್ತರ ಕೊಡಬೇಕಿತ್ತು. ಆರು ದಿನ ಯಾವ ತಪ್ಪು ಅವನ ಕಣ್ಣಿಗೆ ಬಿದ್ದಿದೆ ಎಂದು ತಿಳಿಯದೆ ಬದುಕುವುದು ಹೇಗಿರುತ್ತದೆಂದು ಪೆಟ್ಟು ತಿಂದು ಬೆಳೆದ ಮಕ್ಕಳಿಗೆ ಅರ್ಥವಾಗುವುದಿಲ್ಲ. ಒಮ್ಮೆ ಆಯಿ ಧೈರ್ಯ ಮಾಡಿ ಕೇಳಿದ್ದಳು, ಅಂದಂದೇ ಹೇಳಿಬಿಡಬಾರದಾ ಎಂದು.

"ಕಂಡ ದಿನವೇ ಹೇಳಿದ್ರೆ ಅದು ಬೈಗುಳ," ಎಂದ ಅಪ್ಪ. "ಕೂಡಿಟ್ಟು ಹೇಳಿದ್ರೆ ಪಾಠ."

ಶರಾವತಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ, ಹೊನ್ನಾವರದಿಂದ ಕರ್ಕಿಯ ಕಡೆಗಿನ ಒಂದು ಕೇರಿಯಲ್ಲಿ ನಮ್ಮ ಮನೆ. ಹಿತ್ತಲ ಬಾಗಿಲು ತೆರೆದರೆ ಇಪ್ಪತ್ತು ಹೆಜ್ಜೆಗೆ ಅಳಿವೆಯ ನೀರು. ಮುಂಬಾಗಿಲಿನಿಂದ ಗಾಳಿಮರಗಳ ತೋಪು ದಾಟಿ, ಮರಳದಿಬ್ಬ ಹತ್ತಿ ಇಳಿದರೆ ತೆರೆದ ಕಡಲು. ಅದಕ್ಕೆ ಕಾಲು ಗಂಟೆ ನಡೆಯಬೇಕು. ಜಗಲಿ, ನಡುಮನೆ, ಅಡಿಗೆಮನೆ, ಬಚ್ಚಲು, ಮತ್ತೆ ಪಕ್ಕಕ್ಕೆ ಆಮೇಲೆ ಕಟ್ಟಿಕೊಂಡ ಒಂದು ಕೋಣೆ. ಆ ಕೋಣೆ ಚಿಕ್ಕಪ್ಪ ಮಂಜುನಾಥನದು ಮತ್ತು ಅವನ ಹೆಂಡತಿ ಚಿಕ್ಕಿಯದು. ಚಿಕ್ಕಪ್ಪ ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಅಜ್ಜನ ಪಾತಿದೋಣಿ ಹಿಡಿದವನು. ಒಬ್ಬನೇ ಹೋಗಿ ಒಬ್ಬನೇ ಬರುವ ಪುಟ್ಟ ದೋಣಿ ಅದು. ಅಪ್ಪ ಓದಿ ಮಾಸ್ತರಾದ, ತಮ್ಮ ಕಡಲಿಗೇ ಉಳಿದ. ಈ ಮಾತನ್ನು ಅಪ್ಪ ಮನೆಗೆ ಬಂದ ಯಾರಿಗೂ ಹೇಳದೆ ಕಳಿಸುತ್ತಿರಲಿಲ್ಲ. ಚಿಕ್ಕಿ ಅಘನಾಶಿನಿಯವಳು. ಅಲ್ಲಿ ಇಳಿತದ ಹೊತ್ತಿಗೆ ಹೊಳೆಗಿಳಿದರೆ ಮರಳಿನಿಂದ ಬುಟ್ಟಿಗಟ್ಟಲೆ ಬಳಚು, ಅಂದರೆ ಚಿಪ್ಪುಮೀನು, ಆರಿಸಬಹುದಂತೆ. ನಮ್ಮ ಹೊಳೆಗೆ ಮೇಲಿನ ವಿದ್ಯುತ್ ಮನೆಯಿಂದ ವರ್ಷವಿಡೀ ತಣ್ಣನೆಯ ಸಿಹಿನೀರು ಬಿಡುತ್ತಿದ್ದರಿಂದ ಅಳಿವೆ ಸಪ್ಪೆಯಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕಿ ಹಿತ್ತಲಿನ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ ಉಗುಳಿದ್ದು ನನಗಿನ್ನೂ ನೆನಪಿದೆ.

"ಇದೆಂತ ಕಡಲು ಮಾರಾಯ್ತಿ, ಉಪ್ಪೇ ಇಲ್ಲ. ಇಲ್ಲಿ ಬಳಚು ಹೆಂಗೆ ಬದುಕೂದು?"

ನಮ್ಮ ಅಜ್ಜಿಯ ಕಾಲದಿಂದ ಮನೆಯಲ್ಲೊಂದು ಪದ್ಧತಿಯಿತ್ತು. ಮಳೆಗಾಲಕ್ಕೆ ಮುಂಚಿನ ತಿಂಗಳಲ್ಲಿ ಗಂಡಸರು ದೋಣಿ ಇಳಿಸುವ ಮೊದಲು ಮನೆಯವರೊಬ್ಬರು ತೆರೆದ ಕಡಲಿನ ದಂಡೆಗೆ ಹೋಗಿ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಬರಬೇಕು. ನೀರು ಮೈಗಿಂತ ಬೆಚ್ಚಗಿದೆ ಅನ್ನಿಸಿದರೆ ಆ ದಿನ ದೋಣಿ ಇಳಿಸುವುದಿಲ್ಲ. ಅಜ್ಜಿ ಹೋದ ಮೇಲೆ ಚಿಕ್ಕಪ್ಪನೇ ಕಾಲು ಅದ್ದಿ ನೋಡುತ್ತಿದ್ದ. ಅಪ್ಪ ಊಟಕ್ಕೆ ಕೂತಾಗ ಇದನ್ನು ಕೆದಕುತ್ತಿದ್ದ. ನಾಲ್ಕು ಜನರ ಎದುರು ತಮ್ಮನನ್ನು ಪ್ರಶ್ನೆ ಕೇಳುವುದು, ಅವನು ತಡವರಿಸುವುದು, "ಮಂಜಾ, ಮತ್ತೆ ನಪಾಸು" ಅನ್ನುವುದು. ಬಾಂಗಡೆ ಸಾರಿನ ಜೊತೆಗೆ ಅದೂ ನಮ್ಮ ಮನೆಯ ಒಂದು ವ್ಯಂಜನ. ಆದರೆ ಆ ಬೇಸಿಗೆ ರಜೆಯಲ್ಲಿ, ಶರಾವತಿಯ ಮೇಲಿನ ಹೊಸ ಸೇತುವೆಯಲ್ಲಿ ರೈಲು ಓಡಲು ಶುರುವಾದ ಹೊಸತರಲ್ಲಿ, ಅಪ್ಪ ಒಂದು ದಿನ ನಗಲಿಲ್ಲ. ತಟ್ಟೆ ಸರಿಸಿ ವಿವರಿಸತೊಡಗಿದ. ಸೂರ್ಯ ಮೂರು ತಿಂಗಳು ಕಡಲನ್ನು ಕಾಯಿಸುತ್ತಾನೆ. ಕಾದ ನೀರು ಆವಿಯಾಗಿ ಏರುತ್ತದೆ, ಏರುವಾಗ ಬಿಸಿಯನ್ನು ಒಳಗೆ ಬಚ್ಚಿಟ್ಟುಕೊಂಡು ಹೋಗುತ್ತದೆ. ಮೇಲೆ ತಣ್ಣಗಾಗಿ ಹನಿಯಾಗುವಾಗ ಆ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ಸುತ್ತುತ್ತ ನುಗ್ಗುತ್ತದೆ, ನುಗ್ಗುವಾಗ ಮತ್ತಷ್ಟು ಆವಿ ಹೊತ್ತು ತರುತ್ತದೆ. ಚಂಡಮಾರುತಕ್ಕೆ ಅನ್ನ ಹಾಕುವುದು ಕಡಲು. ನೆಲ ಹತ್ತಿದರೆ ಅದಕ್ಕೆ ಅನ್ನ ಇಲ್ಲ. ತಣ್ಣನೆಯ ನೀರಿನ ಮೇಲೆ ಬಂದರೂ ಇಲ್ಲ.

"ನೀರು ಇಪ್ಪತ್ತಾರೂವರೆ ಡಿಗ್ರಿ ದಾಟಿರಬೇಕು. ಅದಕ್ಕಿಂತ ಕೆಳಗಿದ್ರೆ ಗಾಳಿ ಹಸಿದು ಸಾಯ್ತದೆ," ಎಂದ ಅಪ್ಪ.

"ಅಂದ್ರೆ ಅಬ್ಬೆ ಹೇಳ್ತಿದ್ದದ್ದು ಸರಿಯೇ ಅಲ್ದಾ ಅಣ್ಣಾ?" ಚಿಕ್ಕಪ್ಪನ ಮುಖ ಅರಳಿತು.

"ಅಬ್ಬೆಗೆ ಗೊತ್ತಿತ್ತು ಅಂತಲ್ಲ, ಕುರುಡನ ಕಲ್ಲು ತಾಗಿತ್ತು. ಕಾಲಿನ ಮೇಲೆ ಯಾರು ಡಿಗ್ರಿ ಬರೆದಿದ್ದಾರೆ? ನಾಳೆಯಿಂದ ಕಾಲು ಬೇಡ. ಕಡ್ಡಿ ಹಿಡಿದು ನೋಡೂದು."

ಕಡ್ಡಿಯೆಂದರೆ ಅಪ್ಪನ ಉಷ್ಣಮಾಪಕ, ಗಾಜಿನದು, ಹತ್ತಿ ಸುತ್ತಿದ ಡಬ್ಬಿಯಲ್ಲಿ ಇರುತ್ತಿತ್ತು. ಅದನ್ನು ಹಿಡಿಯುವ ಕೆಲಸ ಹನ್ನೊಂದು ವರ್ಷದ ನನಗೆ ಬಂತು. ದಿನವೂ ಬೆಳಿಗ್ಗೆ ದಿಬ್ಬ ದಾಟಿ ಹೋಗಿ, ಕಡಲಿನಲ್ಲಿ ನಿಂತು, ಕಡ್ಡಿಯನ್ನು ನೀರೊಳಗೆ ಹಿಡಿದು ನೂರರವರೆಗೆ ಎಣಿಸಿ, ಅಂಕಿಯನ್ನು ಜಗಲಿ ಕಂಬದ ಪಾಟಿಯ ಮೇಲೆ ಬರೆಯಬೇಕು. ಸಂಜೆ ಅಪ್ಪ ಅದನ್ನು ನೀಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಮೊದಲ ವಾರ ದಿನವೂ ಮೂವತ್ತು ತೋರಿಸಿತು. ಮೂವತ್ತು ಕಂಡಾಗಲೆಲ್ಲ ಚಿಕ್ಕಪ್ಪ ರೇಡಿಯೋ ಕೇಳಿ, ಆಕಾಶ ನೋಡಿ, ತೀರ ಹತ್ತಿರದಲ್ಲೇ ಬಲೆ ಬಿಟ್ಟು ಬಂದುಬಿಡುತ್ತಿದ್ದ. ನನ್ನನ್ನು ಕಂಡರೆ ಸೆಲ್ಯೂಟ್ ಹೊಡೆದು "ಹವಾಮಾನ ಇಲಾಖೆಯವ್ರೇ, ಇವತ್ತು ಎಂತ ಅಪ್ಪಣೆ?" ಎನ್ನುತ್ತಿದ್ದ. ಆ ಮನೆಯಲ್ಲಿ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವನು ಅವನೊಬ್ಬನೇ, ಅದೂ ತಮಾಷೆಗೆ. ನನಗೆ ಅಷ್ಟು ಸಾಕಾಗಿತ್ತು.

ಆ ವಾರದ ಭಾನುವಾರ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಒಂದೇ ತಪ್ಪಿತ್ತು. ಗುರುವಾರ ಅಪ್ಪ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದೆ. ಒಲೆಯ ಮೇಲೆ ಕೊಟ್ಟೆ ಕಡುಬಿನ ಪಾತ್ರೆ ಬುಸುಗುಡುತ್ತಿತ್ತು, ಹಲಸಿನೆಲೆ ಬೆಂದ ಪರಿಮಳ ಜಗಲಿಯವರೆಗೂ ಬಂದಿತ್ತು. ಅಪ್ಪ ನನ್ನನ್ನು ಅಡಿಗೆಮನೆಗೆ ಕರೆದ.

"ಇನ್ನೊಂದ್ಸಲ ಕೇಳ್ತೆ. ಕುದಿಯೂ ನೀರು ಜಾಸ್ತಿ ಸುಡ್ತದೋ, ಆವಿ ಜಾಸ್ತಿ ಸುಡ್ತದೋ?"

"ನೀರು."

"ಯೋಚನೆ ಮಾಡಿ ಹೇಳು."

"ನೀರು, ಅಪ್ಪಾ."

ಅವನು ನನ್ನ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡ. ಒರಟಾಗಿ ಅಲ್ಲ, ವೈದ್ಯರು ನಾಡಿ ನೋಡುವ ಹಾಗೆ. ಇನ್ನೊಂದು ಕೈಯಿಂದ ಪಾತ್ರೆಯ ಮುಚ್ಚಳ ಸರಿಸಿ ನನ್ನ ಅಂಗೈಯನ್ನು ಆವಿಯ ಮೇಲೆ ಹಿಡಿದ. ಐದರವರೆಗೆ ಎಣಿಸು ಎಂದ. ನಾನು ಎಣಿಸಲಿಲ್ಲ, ಕಿರುಚಿದೆ. ಆಯಿ ಒಲೆಯ ಪಕ್ಕದಿಂದ ಸಣ್ಣ ದನಿಯಲ್ಲಿ "ಸಾಕು ಬಿಡಿ" ಎಂದಳು.

"ಇನ್ನೂ ಮೂರು ಆಗ್ಲಿಲ್ಲ," ಎಂದ ಅಪ್ಪ.

ಐದಾದ ಮೇಲೆ ಬಿಟ್ಟ. ಚರ್ಮ ನೋಡನೋಡುತ್ತ ಉಬ್ಬಿತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಆ ಗುರುತು ಈಗಲೂ ಇದೆ, ಚಳಿಗಾಲದಲ್ಲಿ ಬಿಗಿಯುತ್ತದೆ. ಅಪ್ಪ ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸಿ ಪಾಠ ಮುಗಿಸಿದ.

"ಆವಿ ನಿನ್ನ ಚರ್ಮದ ಮೇಲೆ ನೀರಾಗ್ತದೆ. ನೀರಾಗೂವಾಗ ಒಳಗೆ ಇಟ್ಕೊಂಡ ಬಿಸಿ ಎಲ್ಲ ಅಲ್ಲೇ ಬಿಟ್ಟು ಹೋಗ್ತದೆ. ಅದಕ್ಕೆ ಗುಪ್ತೋಷ್ಣ ಅಂತಾರೆ. ಚಂಡಮಾರುತಕ್ಕೆ ಬಲ ಬರೂದು ಇದರಿಂದಲೇ. ಇನ್ನು ಮರೆಯೂದಿಲ್ಲ ಅಲ್ಲಾ?"

ಮರೆತಿಲ್ಲ. ಆಯಿ ಲೋಳೆಸರ ಹಚ್ಚಿ ಹಳೆಯ ಸೀರೆಯ ಚಿಂದಿ ಕಟ್ಟಿದಳು. ಕಟ್ಟುವಾಗ ನನ್ನ ಮುಖ ನೋಡಲಿಲ್ಲ. ಅವಳು ಭಟ್ಕಳದ ಹತ್ತಿರ ಮುಟ್ಟಳ್ಳಿಯಿಂದ ಬಂದವಳು, ತವರಿನಲ್ಲಿ ಅವಳ ಬಾಯಿ ಗದ್ದೆಯ ಆಚೆ ದಂಡೆಗೂ ಕೇಳುತ್ತಿತ್ತೆಂದು ಸೋದರಮಾವ ಹೇಳುತ್ತಿದ್ದ. ಆ ಬಾಯಿ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅಂದು ಎಲ್ಲರೂ ಕಡುಬು ತಿಂದೆವು, ನಾನು ಎಡಗೈಯಲ್ಲಿ.

ಸೋಮವಾರ ಎಂದಿನಂತೆ ಕಡಲಿಗೆ ಹೋದೆ. ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಮೇಲೆತ್ತಿ ನಿಂತೆ. ಹತ್ತು ಎಣಿಸುವಷ್ಟರಲ್ಲಿ ಒಂದು ತೆರೆ ಬಂದು ನನ್ನನ್ನು ಕೂರಿಸಿಬಿಟ್ಟಿತು. ಸುಟ್ಟ ಕೈ ಚಿಂದಿಯ ಸಮೇತ ಉಪ್ಪುನೀರಿಗೆ ಬಿತ್ತು. ಆ ಉರಿಯನ್ನು ವರ್ಣಿಸಲು ಹೋಗುವುದಿಲ್ಲ. ಅಳುತ್ತಲೇ ದಿಬ್ಬ ದಾಟಿ ಓಡಿ ಬಂದು ಹಿತ್ತಲಿನ ಅಳಿವೆಗೆ ಇಳಿದು ಕೈ ಮುಳುಗಿಸಿದೆ. ಸಪ್ಪೆ ನೀರು, ತಣ್ಣಗೆ. ಜೀವ ಬಂದ ಹಾಗಾಯಿತು. ಕಡ್ಡಿಯನ್ನೂ ಅಲ್ಲೇ ಅದ್ದಿದೆ, ನೂರು ಎಣಿಸಿದೆ. ಇಪ್ಪತ್ತಾರು. ಪಾಟಿಯ ಮೇಲೆ ಇಪ್ಪತ್ತಾರು ಎಂದು ಬರೆದೆ. ನೀರು ನೀರೇ ಅಲ್ಲವೇ, ಅಂಕಿ ಅಂಕಿಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ಅಪ್ಪ ಅದನ್ನು ಇಳಿಸಿಕೊಂಡು ಖಾನೆಗೆ ಬೀಗ ಹಾಕಿದ. ಮಂಗಳವಾರವೂ ಅಳಿವೆಗೇ ಹೋದೆ. ಬುಧವಾರವೂ, ಗುರುವಾರವೂ. ಬೆಳಗಿನ ಆ ಅರ್ಧ ಗಂಟೆ ಕೈ ತಣ್ಣಗಾಗುತ್ತಿತ್ತು, ಅದೊಂದೇ ನನಗೆ ಬೇಕಾಗಿದ್ದದ್ದು.

ಶುಕ್ರವಾರ ಬೆಳಿಗ್ಗೆ ರೇಡಿಯೋ ಹೇಳಿತು: ಅರಬ್ಬಿ ಸಮುದ್ರದ ನೈಋತ್ಯದಲ್ಲಿ ವಾಯುಭಾರ ಕುಸಿತ, ಮೀನುಗಾರರು ಕಡಲಿಗೆ ಇಳಿಯಬಾರದು. ಕೇರಿಯ ದೋಣಿಗಳೆಲ್ಲ ದಂಡೆಯಲ್ಲೇ ಇದ್ದವು. ಅಪ್ಪ ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದ. ಚಿಕ್ಕಪ್ಪ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಪಾಟಿಯ ಮುಂದೆ ನಿಂತ. ಬಾಯಲ್ಲಿ ಅಂಕಿಗಳನ್ನು ಓದಿಕೊಂಡ. ಪರೀಕ್ಷೆಯ ಉತ್ತರ ಮೊದಲೇ ಗೊತ್ತಾದ ಹುಡುಗನ ನಗು ಅವನ ಮುಖದಲ್ಲಿತ್ತು.

"ಅಣ್ಣಾ, ನಾಲ್ಕು ದಿನದಿಂದ ಇಪ್ಪತ್ತಾರೇ ಅದೆ. ಆ ಗಾಳಿ ಇಲ್ಲಿಗೆ ಬಂದ್ರೂ ತಿನ್ನೂಕೆ ಅನ್ನ ಇಲ್ಲ. ಹಸಿದು ಸಾಯ್ತದೆ. ಹೌದಾ ಅಲ್ದಾ?"

ಅಪ್ಪ ಕತ್ತಿ ಒರೆಸಿದ. ಕನ್ನಡಿಯೊಳಗಿಂದ ನನ್ನನ್ನು ನೋಡಿದ. ತಮ್ಮನಿಗೆ ಹೇಳಿದ್ದು ಇಷ್ಟೇ:

"ತತ್ತ್ವ ಸರಿ ಅದೆ."

ಚಿಕ್ಕಪ್ಪನಿಗೆ ಜೀವಮಾನದಲ್ಲಿ ಅಣ್ಣ ಕೊಟ್ಟ ಮೊದಲ ಪಾಸು ಅದು. ಅವನು ನನಗೆ ಸೆಲ್ಯೂಟ್ ಹೊಡೆದ, ಚಿಕ್ಕಿ ಕೊಟ್ಟ ಗಂಜಿಯ ಡಬ್ಬಿ ತೆಗೆದುಕೊಂಡ, ದೂರದ ನೀರಿಗೆ ಹೋಗಿ ಮರುದಿನ ಮಧ್ಯಾಹ್ನದೊಳಗೆ ಬರುತ್ತೇನೆಂದ. ಕಾಲು ಅದ್ದಿ ನೋಡಲಿಲ್ಲ, ಅಣ್ಣ ಬೇಡವೆಂದಿದ್ದನಲ್ಲ. ಊರಿನ ಉಳಿದವರು ವಿದ್ಯೆ ಇಲ್ಲದ್ದರಿಂದ ಬದುಕಿಕೊಂಡರು.

ಶನಿವಾರ ಮಧ್ಯಾಹ್ನ ಗಾಳಿ ಬಂತು. ಗಾಳಿಮರಗಳು ಬುಡಸಮೇತ ಮಲಗಿದವು, ಪಕ್ಕದ ಕೋಣೆಯ ಹೆಂಚೆಲ್ಲ ಹಾರಿ ಅಳಿವೆಗೆ ಬಿತ್ತು. ಚಿಕ್ಕಿ ಅದೇ ಕೋಣೆಯ ಬಾಗಿಲಲ್ಲಿ ಕೂತಿದ್ದಳು, ಎಳೆದರೂ ಒಳಗೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕಡಲು ಏನೂ ಆಗದ ಹಾಗೆ ಮಲಗಿತ್ತು. ಗಂಡಸರು ಹುಡುಕಲು ಹೋಗಿದ್ದರು. ಹೆಂಗಸರು, ಅಘನಾಶಿನಿಯಿಂದ ಬಂದ ಚಿಕ್ಕಿಯ ಅಣ್ಣ, ಅತ್ತಿಗೆ, ಎಲ್ಲ ನಮ್ಮ ಜಗಲಿಯಲ್ಲಿದ್ದರು. ಅಂದು ಕೂಡ ಅಪ್ಪ ನೀಲಿ ನೋಟ್‌ಬುಕ್ ಹಿಡಿದು ಹೊರಗೆ ಬಂದ. ನನ್ನನ್ನು ಎಲ್ಲರ ನಡುವೆ ನಿಲ್ಲಿಸಿದ.

"ವಾಸಂತಿ, ಸೋಮವಾರದಿಂದ ನೀರು ಎಲ್ಲಿ ಅಳೆದೆ?"

"ಅಳಿವೇಲಿ," ಎಂದೆ.

"ಕಡಲಿನಲ್ಲಿ ಅಲ್ಲ?"

"ಅಲ್ಲ."

ಅಪ್ಪ ಚಿಕ್ಕಿಯ ಕಡೆ ತಿರುಗಿದ. "ಕೇಳಿದ್ಯಾ?" ಎಂದ. ನೋಟ್‌ಬುಕ್ ಮುಚ್ಚಿದ. ಮಂಗಳವಾರ ಕಾಸರಕೋಡಿನ ದಂಡೆಯಲ್ಲಿ ಚಿಕ್ಕಪ್ಪ ಸಿಕ್ಕಿದ. ಅಷ್ಟರೊಳಗೆ ಅವನನ್ನು ಕೊಂದದ್ದು ನಾನೆಂದು ಕುಮಟೆಯಿಂದ ಭಟ್ಕಳದವರೆಗಿನ ನಮ್ಮ ನೆಂಟರಿಗೆಲ್ಲ ಗೊತ್ತಾಗಿತ್ತು.

ಮುಂದಿನ ಎರಡು ವರ್ಷ ಚಿಕ್ಕಿ ನಮ್ಮ ಮನೆಯಲ್ಲೇ ಉಳಿದಳು. ಪಾತ್ರೆ ತೊಳೆಯುತ್ತಿದ್ದಳು, ಅಪ್ಪನ ಬಿಳಿ ಅಂಗಿಗಳಿಗೆ ನೀಲಿ ಹಾಕಿ ಹಿಂಡುತ್ತಿದ್ದಳು. ನನ್ನೊಡನೆ ಒಂದು ಮಾತು ಆಡಲಿಲ್ಲ. ನನ್ನ ತಟ್ಟೆಯನ್ನು ನೆಲದ ಮೇಲೆ ಇಟ್ಟು ಕಾಲಿನಿಂದ ಸರಿಸುತ್ತಿದ್ದಳು. ನಾನು ಮುಟ್ಟಿದ ನೀರಿನ ಕೊಡವನ್ನು ಚೆಲ್ಲಿ ಮತ್ತೆ ತುಂಬಿಸುತ್ತಿದ್ದಳು. ಆಯಿ ನೋಡುತ್ತಿದ್ದಳು, ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿರುತ್ತಿದ್ದಳು. ಶಾಲೆಯಲ್ಲಿ ಯಾರಾದರೂ ನನ್ನ ಪಕ್ಕ ಕೂತರೆ ಇವರಿಗಿನ್ನೂ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಚಿಕ್ಕಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳು ಕಾಲಿನಿಂದ ತಟ್ಟೆ ಸರಿಸಿದಾಗ ಸರಿಯೇ ಅನ್ನಿಸುತ್ತಿತ್ತು. ಕೈಯ ಗುರುತನ್ನು ಮಾತ್ರ ಯಾರಿಗೂ ಕಾಣದ ಹಾಗೆ ಮಡಚಿಟ್ಟುಕೊಂಡು ಉಣ್ಣುತ್ತಿದ್ದೆ, ಅದನ್ನು ತೋರಿಸಿದರೆ ನೆಪ ಹೇಳಿದಂತಾಗುತ್ತದೆಂದು.

ನನಗೆ ಹದಿಮೂರು ತುಂಬಿದ ವರ್ಷ, ಮತ್ತೊಂದು ಬೇಸಿಗೆ ರಜೆಯ ಮಂಗಳವಾರ, ಅಪ್ಪನ ಜೊತೆ ಕೆಲಸ ಮಾಡುವ ಗಣಿತದ ಮಾಸ್ತರೊಬ್ಬರು ಮನೆಗೆ ಬಂದರು. ಮಾತು ಮಕ್ಕಳು ಲ್ಯಾಬಿನಲ್ಲಿ ಸುಳ್ಳು ಅಂಕಿ ಬರೆಯುವುದರ ಕಡೆ ತಿರುಗಿತು. ಅಪ್ಪನಿಗೆ ಹುರುಪು ಬಂತು. ಒಳಗೆ ಹೋಗಿ ಬೀಗ ತೆಗೆದು ಹಳೆಯ ನೀಲಿ ನೋಟ್‌ಬುಕ್ ತಂದ. ನಾನು ಜಗಲಿಯ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ.

"ನೋಡಿ, ನನ್ನ ಮಗಳೇ ಬರೆದದ್ದು. ಭಾನುವಾರದವರೆಗೆ ಮೂವತ್ತು, ಸೋಮವಾರ ಇಪ್ಪತ್ತಾರು. ಕಡಲು ಒಂದೇ ದಿನಕ್ಕೆ ನಾಲ್ಕು ಡಿಗ್ರಿ ಇಳೀತದಾ? ನಾನು ಅವತ್ತೇ ಹಿಡಿದೆ. ಇಲ್ಲಿ ಓದಿ, ಕೆಂಪಿನಲ್ಲಿ."

ಆ ಮಾಸ್ತರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸೋಮ, ಇಪ್ಪತ್ತಾರು. ಸುಳ್ಳು. ಅಳಿವೆಯ ನೀರು. ಭಾನುವಾರ ಕೇಳುವುದು."

ಚಹಾದ ತಟ್ಟೆ ಹಿಡಿದು ಬಂದ ಚಿಕ್ಕಿ ಹೊಸ್ತಿಲಲ್ಲಿ ನಿಂತಿದ್ದಳು. ತಟ್ಟೆ ಬೀಳಿಸಲಿಲ್ಲ. ಬಂದು ಇಬ್ಬರ ಮುಂದೆಯೂ ಲೋಟ ಇಟ್ಟಳು. ಆಮೇಲೆ ಕೇಳಿದಳು.

"ಸೋಮವಾರವೇ ಗೊತ್ತಿತ್ತಾ, ಭಾವ?"

"ಮತ್ತೆ? ಗೊತ್ತಿರದೆ ಎಂತ."

"ಶುಕ್ರವಾರ ಅವ್ರು ನಿಮ್ಮ ಮುಂದೆಯೇ ಪಾಟಿ ಓದಿ ಹೋದ್ರು."

ಗಣಿತದ ಮಾಸ್ತರು ಲೋಟ ಕೆಳಗಿಟ್ಟರು. ಅಪ್ಪನ ಮುಖದಲ್ಲಿ ನಾನು ಗಾಬರಿಯನ್ನು ಹುಡುಕಿದೆ, ಇರಲಿಲ್ಲ. ದಡ್ಡ ವಿದ್ಯಾರ್ಥಿಗೆ ಎರಡನೆಯ ಸಲ ವಿವರಿಸಬೇಕಾಗಿ ಬಂದವನ ಬೇಸರ ಮಾತ್ರ ಇತ್ತು.

"ಗಾಳಿ ಇಲ್ಲೀವರೆಗೆ ಬರ್ತದೆ ಅಂತ ಯಾರಿಗೆ ಗೊತ್ತಿತ್ತು? ನಡುವೆ ಹೇಳಿಬಿಟ್ಟಿದ್ರೆ ಹುಡುಗಿ ಎಂತ ಕಲೀತಿತ್ತು?"

ತಮ್ಮನನ್ನು ಕೊಲ್ಲಬೇಕೆಂದು ಅಪ್ಪನಿಗೆ ಇರಲಿಲ್ಲ. ಇಷ್ಟು ವರ್ಷ ಯೋಚಿಸಿ ಇದನ್ನು ಹೇಳುತ್ತಿದ್ದೇನೆ. ಅವನಿಗೆ ಭಾನುವಾರ ಬೇಕಿತ್ತು, ಅಷ್ಟೆ. ಆದರೆ ಆ ಕ್ಷಣ ನನಗೆ ಆದದ್ದನ್ನೂ ಹೇಳಬೇಕು. ಚಿಕ್ಕಿಯ ಮುಖ ಸೋತು ಜೋತುಬೀಳುತ್ತಿರುವಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಖುಷಿ. ಎರಡು ವರ್ಷದ ಭಾರ ನನ್ನ ಕುತ್ತಿಗೆಯಿಂದ ಇಳಿದು ಇನ್ನೊಬ್ಬರ ಕುತ್ತಿಗೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ, ನೋಡಿ ತಣಿಯುತ್ತಿದ್ದೆ. ಚಿಕ್ಕಿ ನನ್ನ ಬಳಿ ಬಂದು ಕೂತಳು. ಮೊರದೊಳಗಿದ್ದ ನನ್ನ ಬಲಗೈ ಎತ್ತಿ ತಿರುಗಿಸಿ ಆ ಗುರುತನ್ನು ನೋಡಿದಳು. ಆ ಕಡುಬಿನ ಭಾನುವಾರ ಅವಳೂ ಅಡಿಗೆಮನೆಯಲ್ಲಿದ್ದಳು.

"ಉಪ್ಪುನೀರು ಉರೀತಿತ್ತಾ?" ಎಂದಳು.

ನಾನು ತಲೆಯಾಡಿಸಿದೆ. ಕೈಯನ್ನು ಮತ್ತೆ ಅಕ್ಕಿಯ ಮೇಲೆ ಇಟ್ಟು ಎದ್ದು ಹೋದಳು. ಮರುದಿನ ಬೆಳಗಿನ ಕುಮಟೆ ಬಸ್ಸಿಗೆ ಒಂದು ಚೀಲ ಹಿಡಿದು ತವರಿಗೆ ಹೊರಟಳು, ಮತ್ತೆ ಬರಲಿಲ್ಲ. ಆಯಿ ರಸ್ತೆಯವರೆಗೆ ಹೋಗಿ ಬಂದಳು. ಅಪ್ಪ ಪೇಪರು ಓದುತ್ತಿದ್ದ.

ರಜೆಯ ಭಾನುವಾರಗಳಲ್ಲಿ ಹತ್ತನೆಯ ಇಯತ್ತೆಯ ಮಕ್ಕಳು ಅಪ್ಪನ ಹತ್ತಿರ ಪಾಠಕ್ಕೆ ಬರುತ್ತಿದ್ದರು. ಆ ಭಾನುವಾರ ಎಂಟು ಜನ ಬಂದಿದ್ದರು. ಜಗಲಿ ಹತ್ತಿದವರೆಲ್ಲ ಕಂಬದ ಹತ್ತಿರ ನಿಂತುಬಿಟ್ಟರು. ಅಪ್ಪ ನೋಟ್‌ಬುಕ್ ಹಿಡಿದು ಬಂದು ಮಕ್ಕಳನ್ನು ಸರಿಸಿ ನೋಡಿದ. ಎರಡು ವರ್ಷದಿಂದ ಖಾಲಿಯಿದ್ದ ಪಾಟಿಯನ್ನು ನಾನು ಬೆಳಿಗ್ಗೆ ಒರೆಸಿ, ನನ್ನ ಅತ್ಯಂತ ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಚಿಕ್ಕಪ್ಪ ಸಾಯುವ ವಾರ. ಸೋಮ: ಅಪ್ಪನಿಗೆ ಗೊತ್ತಿತ್ತು. ಮಂಗಳ: ಗೊತ್ತಿತ್ತು. ಬುಧ: ಗೊತ್ತಿತ್ತು. ಗುರು: ಗೊತ್ತಿತ್ತು. ಶುಕ್ರವಾರದ ಮುಂದೆ ಜಾಗ ಬಿಟ್ಟಿದ್ದೆ. ಬಳಪವನ್ನು ಅಪ್ಪನ ಕಡೆ ಚಾಚಿದೆ.

"ಶುಕ್ರವಾರದ್ದು ನೀನು ಬರಿ," ಎಂದೆ.

ಅಪ್ಪ ಪಾಟಿಯನ್ನು ಓದಿದ. ಮೊದಲಿನಿಂದ ಮತ್ತೊಮ್ಮೆ ಓದಿದ. ಬಳಪ ತೆಗೆದುಕೊಳ್ಳದೆ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿಕೊಂಡ, ಎಂಟು ಮಕ್ಕಳೂ ಅದನ್ನು ನೋಡುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ಬಂದ ಆಯಿ ನನ್ನನ್ನು ನೋಡಿದಳು. ಅಪ್ಪನನ್ನು ನೋಡುವಾಗ ಅವಳ ಕಣ್ಣಿನಲ್ಲಿ ಇರುತ್ತಿದ್ದ ಹೆದರಿಕೆ ಆ ದಿನ ನನ್ನ ಕಡೆಗಿತ್ತು. ಚಿಕ್ಕಿಯ ಬಸ್ಸು ಹೊರಡುವ ಮೊದಲೇ ನಾನಿದನ್ನು ಬರೆಯಬಹುದಿತ್ತು. ಅವಳಾದರೂ ಓದಿ ಹೋಗುತ್ತಿದ್ದಳು. ಬರೆಯಬೇಕೆಂದು ಮಂಗಳವಾರವೇ ತೀರ್ಮಾನಿಸಿದ್ದೆ. ಭಾನುವಾರಕ್ಕೆ ಕಾದೆ.